ಪಲ್ಪಿಂಗ್ ಗುಂಡಿಯ ಗುಳ್ಳೆಗಳು

ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಸಂಜೆ ಹೊತ್ತು ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಸದ್ದು. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಸಿಪ್ಪೆ ಬಿಡಿಸಬೇಕು, ಬಿಟ್ಟರೆ ಹುಳಿಯುತ್ತದೆ. ಹಣ್ಣು, ಬೇಳೆ, ಕಣ ಇವುಗಳ ಮೇಲೆ ಎಲ್ಲರ ಕಣ್ಣಿರುತ್ತದೆ. ಪಲ್ಪಿಂಗ್ ಮನೆಯ ಹಿಂದೆ ನೀರು ಹೋಗಿ ನಿಲ್ಲುವ ಗುಂಡಿಯ ಕಡೆ ಯಾರೂ ತಲೆಹಾಕುವುದಿಲ್ಲ. ಒಮ್ಮೆ ಹೋಗಿ ಐದು ನಿಮಿಷ ನಿಂತು ನೋಡಿ. ಮೊದಲ ವಾರಗಳಲ್ಲಿ ನೀರು ಕಂದು ಬಣ್ಣ, ಹುಳಿ ವಾಸನೆ. ಆಮೇಲೆ ನಿಧಾನವಾಗಿ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ನಾತ ಏಳುತ್ತದೆ, ಮೇಲೊಂದು ಪದರ ಕಟ್ಟುತ್ತದೆ. ಆ ಪದರದ ಸಂದಿಯಲ್ಲಿ ಅಡಿಕೆ ಗಾತ್ರದ ಗುಳ್ಳೆಯೊಂದು ಮೇಲೆ ಬಂದು, ಒಂದು ಕ್ಷಣ ನಿಂತು, ಒಡೆಯುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು.

ಆ ಗುಳ್ಳೆಯಲ್ಲಿ ಇರುವುದು ಬಹುಪಾಲು ಮೀಥೇನ್. ಒಂದು ಕೆಜಿ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಕೆಜಿ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಕಾಯಿಸುತ್ತದೆ. ತೋಟದವರು ಕಾಫಿ ಹೂವಾಗಲು ಬೇಕಾದ ಹೂಮಳೆ ಕೈಕೊಟ್ಟಿತು, ಕುಯ್ಲಿನ ಹೊತ್ತಿಗೆ ಮಳೆ ಹೊಯ್ದು ಕಣದಲ್ಲಿದ್ದ ಕಾಫಿ ಕಪ್ಪಾಯಿತು ಎಂದು ಸಂಕಟಪಡುತ್ತಾರೆ. ಆ ಸಂಕಟ ನಿಜ. ಆದರೆ ಅದೇ ತೋಟದ ಹಿಂಬದಿಯ ಗುಂಡಿಯಿಂದ ಏನು ಹೋಗುತ್ತಿದೆ ಎಂದು ಅಳೆಯುವವರು ಇಲ್ಲ. ಅಳೆಯಲು ಬರುವವರೂ ತೀರಾ ಕಡಿಮೆ.

ಹವಾಮಾನ ಕ್ಷೇತ್ರದಲ್ಲಿ ಕೆಲಸ ಬೇಕು ಎನ್ನುವ ಹಾಸನ, ಚಿಕ್ಕಮಗಳೂರಿನ ಹುಡುಗ ಹುಡುಗಿಯರಿಗೆ ಇದನ್ನೇ ಹೇಳಬೇಕಾಗಿದೆ. ಆ ಕೆಲಸ ಎಂದರೆ ಬೆಂಗಳೂರಿನ ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿ ಕುಳಿತು ಕಂಪನಿಗಳ ವರದಿ ಬರೆಯುವುದು ಎಂಬ ಕಲ್ಪನೆ ಬೇರೂರಿದೆ. ಆ ಕೆಲಸವೂ ಇದೆ, ಬೇಡ ಎನ್ನುತ್ತಿಲ್ಲ. ಆದರೆ ಈ ಎರಡು ಜಿಲ್ಲೆಗಳಲ್ಲಿ ಹೊಗೆ, ಅನಿಲ ನಿಜವಾಗಿ ಹೊರಡುವ ಜಾಗಗಳು ಪಂಪ್‌ಮನೆ, ಗೊಬ್ಬರದ ಗೋದಾಮು, ಪಲ್ಪಿಂಗ್ ಗುಂಡಿ, ಗದ್ದೆ. ಅಲ್ಲಿಗೆ ಅಳತೆಯ ಸಾಮಾನು ಹಿಡಿದು ಹೋಗಿ, ಲೆಕ್ಕ ಹಾಕಿ, ಸರಿಮಾಡಿ, ಮರುವರ್ಷ ಮತ್ತೆ ಹೋಗಿ ಅಳೆಯುವವರು ಬೇಕು. ಹೊಸದನ್ನು ಕೂರಿಸಿ ಫೋಟೋ ತೆಗೆಸಿಕೊಂಡು ಹೋಗುವವರು ಸಾಕಷ್ಟಿದ್ದಾರೆ. ಕೂರಿಸಿದ್ದು ನಡೆಯುತ್ತಿದೆಯೇ ಎಂದು ನೋಡುವವರ ಕೊರತೆ ದೊಡ್ಡದು.

ಮೊದಲು ಬಾಯಿಪಾಠ ಇರಬೇಕಾದ ಕೆಲವು ಅಂಕಿ. ಒಂದು ಲೀಟರ್ ಡೀಸೆಲ್ ಸುಟ್ಟರೆ 2.68 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಕೆಜಿ ಅಡುಗೆ ಅನಿಲಕ್ಕೆ ಸುಮಾರು 3 ಕೆಜಿ. ನಮ್ಮ ದೇಶದ ಗ್ರಿಡ್‌ನಿಂದ ಒಂದು ಯೂನಿಟ್ ಕರೆಂಟು ಬಳಸಿದರೆ ಸುಮಾರು 0.7 ಕೆಜಿ. ಯೂರಿಯಾದ ಅಂಕಿ ಇದಕ್ಕಿಂತ ಸ್ವಾರಸ್ಯಕರ, ಅದು ಮುಂದೆ ಬರುತ್ತದೆ. ಇಷ್ಟು ತಲೆಯಲ್ಲಿದ್ದರೆ ಯಾವುದು ದೊಡ್ಡದು, ಯಾವುದು ಬರೀ ಸದ್ದು ಎಂಬುದು ಅಲ್ಲೇ ನಿಂತಲ್ಲೇ ಗೊತ್ತಾಗುತ್ತದೆ.

ಈಗ ಗುಂಡಿಗೇ ವಾಪಸು. ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಸಿಒಡಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಗಾಳಿಯಿಲ್ಲದೆ ಕೊಳೆತರೆ ಒಂದು ಕೆಜಿ ಸಿಒಡಿಯಿಂದ ಹೆಚ್ಚೆಂದರೆ ಕಾಲು ಕೆಜಿ ಮೀಥೇನ್. ಒಂದು ತೋಟದಲ್ಲಿ ದಿನಕ್ಕೆ ಹತ್ತು ಸಾವಿರ ಲೀಟರ್ ಪಲ್ಪಿಂಗ್ ನೀರು, ಲೀಟರಿಗೆ ಹತ್ತು ಗ್ರಾಂ ಸಿಒಡಿ ಎಂದಿಟ್ಟುಕೊಳ್ಳಿ. ದಿನಕ್ಕೆ 100 ಕೆಜಿ ಸಿಒಡಿ ಆಯಿತು. ಅಂತರರಾಷ್ಟ್ರೀಯ ಲೆಕ್ಕದ ಪದ್ಧತಿಯಲ್ಲಿ ಎರಡು ಮೀಟರ್‌ಗಿಂತ ಆಳದ ಗುಂಡಿಗೆ 0.8 ಎಂಬ ಗುಣಕ, ಅಂದರೆ ಆ ಹೆಚ್ಚೆಂದರೆ ಲೆಕ್ಕದ ಅಷ್ಟು ಪಾಲು ಮೀಥೇನ್ ಬರುತ್ತದೆ, ಅದಕ್ಕಿಂತ ಕಡಿಮೆ ಆಳಕ್ಕೆ 0.2. ಆಳದ ಗುಂಡಿಯಲ್ಲಿ ದಿನಕ್ಕೆ 20 ಕೆಜಿ ಮೀಥೇನ್, ಅಂದರೆ 560 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಇನ್ನೂರು ಲೀಟರ್ ಡೀಸೆಲ್ ಸುಟ್ಟ ಹಾಗೆ, ಒಂದೇ ದಿನಕ್ಕೆ. ಇದು ಗರಿಷ್ಠದ ಲೆಕ್ಕ. ಡಿಸೆಂಬರ್, ಜನವರಿಯ ರಾತ್ರಿ ಚಳಿಗೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಮಂಕಾಗುತ್ತವೆ, ಆಗ ಕಡಿಮೆ ಬರುತ್ತದೆ. ಆದರೆ ಪದಾರ್ಥ ಎಲ್ಲಿಗೂ ಹೋಗಿರುವುದಿಲ್ಲ. ಮಾರ್ಚ್‌ನ ಬಿಸಿಲು ಬಿದ್ದಾಗ ತಳದ ರಾಡಿ ಮತ್ತೆ ಗುಳ್ಳೆ ಬಿಡಲು ಶುರುಮಾಡುತ್ತದೆ.

ಇದನ್ನು ಕಡಿಮೆ ಮಾಡಲು ಮೊದಲ ಹೆಜ್ಜೆಗೆ ಯಂತ್ರವೇ ಬೇಡ. ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿ ಸಾಗಿಸುವುದನ್ನು ನಿಲ್ಲಿಸಬೇಕು. ಸಿಪ್ಪೆ ನೀರಿನಲ್ಲಿ ಇದ್ದಷ್ಟು ಹೊತ್ತೂ ಅದರ ಸಕ್ಕರೆ ನೀರಿಗಿಳಿಯುತ್ತಿರುತ್ತದೆ. ಪಲ್ಪರ್ ಬಾಯಿಯಲ್ಲೇ ಇಳಿಜಾರಾದ ಜರಡಿ ಕೊಟ್ಟು ಸಿಪ್ಪೆಯನ್ನು ಒಣಗಾಗಿ ಬೇರೆ ಕಡೆ ಬೀಳಿಸಿ. ಪಲ್ಪರ್ ನೀರನ್ನು ಅದೇ ದಿನ ತಿರುಗಿಸಿ ಬಳಸಿ, ರಾತ್ರಿ ಒಂದೇ ಸಲ ಹೊರಬಿಡಿ. ಹಳೆ ಪದ್ಧತಿಯಲ್ಲಿ ಕೆಜಿ ಹಣ್ಣಿಗೆ ಹತ್ತು ಲೀಟರ್ ದಾಟುವುದೂ ಉಂಟು. ಕಡಿಮೆ ನೀರಿನ ಇಕೋ ಪಲ್ಪರ್‌ನಲ್ಲಿ ಒಂದು ಲೀಟರ್ ಆಸುಪಾಸಿಗೆ ಇಳಿಸಬಹುದು. ಜರಡಿ ಎಲ್ಲಿ ಕೈಕೊಡುತ್ತದೆ ಎಂದರೆ, ಕಣ್ಣುಗಳು ಬೇಳೆಯ ಸುತ್ತಲಿನ ಲೋಳೆಯಿಂದ ಕಟ್ಟಿಕೊಂಡು ನೀರು ಮೇಲಿಂದ ಉಕ್ಕಿ ಸಿಪ್ಪೆ ಸಮೇತ ಹರಿಯುತ್ತದೆ. ಗಂಟೆಗೊಮ್ಮೆ ಬ್ರಷ್ ಆಡಿಸುವ ಕೆಲಸವನ್ನು ಒಬ್ಬ ಆಳಿಗೆ ಹೆಸರಿಟ್ಟು ಒಪ್ಪಿಸದಿದ್ದರೆ ಮೂರನೇ ದಿನಕ್ಕೆ ಯಾರೋ ಆ ಜರಡಿಯನ್ನೇ ತೆಗೆದು ಪಕ್ಕಕ್ಕಿಟ್ಟಿರುತ್ತಾರೆ.

ಎರಡನೆಯದು, ಡೈಜೆಸ್ಟರ್ ಎಂಬ ಗಾಳಿಯಾಡದ ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ ಅನಿಲ ಹಿಡಿದು ಉರಿಸುವುದು. ಕೊನೆಗೆ ಬರೀ ಸುಟ್ಟು ಬಿಟ್ಟರೂ ಒಂದು ಕೆಜಿ ಮೀಥೇನ್ 2.75 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ, ಅದೂ ಗಿಡ ಈ ವರ್ಷವೇ ಗಾಳಿಯಿಂದ ಎಳೆದುಕೊಂಡದ್ದು. ಇಲ್ಲಿ ಎಡವುವುದು ಹುಳಿಯಲ್ಲಿ. ಲೋಳೆಯ ಸಕ್ಕರೆ ಹುದುಗಿ ನೀರಿನ ಪಿಎಚ್ 4ರ ಹತ್ತಿರ ಇಳಿದಿರುತ್ತದೆ. ಪಿಎಚ್ ಎಂದರೆ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಹುಳಿ ಮಾಡುವ ಸೂಕ್ಷ್ಮಜೀವಿಗಳು ಚುರುಕು, ಮೀಥೇನ್ ಮಾಡುವವು ನಿಧಾನ, ಪಿಎಚ್ 6.5ಕ್ಕಿಂತ ಕೆಳಗೆ ಅವಕ್ಕೆ ಆಗಿಬರುವುದಿಲ್ಲ. ನೇರ ಹುಳಿನೀರು ತುಂಬಿದರೆ ಡೈಜೆಸ್ಟರ್ ಒಂದು ವಾರದಲ್ಲಿ ಮಲಗುತ್ತದೆ, ಮತ್ತೆ ಎಬ್ಬಿಸುವಷ್ಟರಲ್ಲಿ ಸೀಸನ್ನೇ ಮುಗಿಯುತ್ತದೆ.

ಸುಣ್ಣ ಎಷ್ಟು ಹಾಕಬೇಕು ಎಂದು ಕೇಳಿದರೆ ಪುಸ್ತಕ ನೋಡುವುದಕ್ಕಿಂತ ಬಕೆಟ್ ಪರೀಕ್ಷೆ ಮಾಡುವುದು ವಾಸಿ. ಆ ದಿನದ ನೀರು ಹತ್ತು ಲೀಟರ್ ಬಕೆಟ್‌ಗೆ ತೆಗೆದುಕೊಳ್ಳಿ. ಅರಳಿದ ಸುಣ್ಣವನ್ನು ಐದೈದು ಗ್ರಾಂ ತೂಗಿ, ನೀರಿನಲ್ಲಿ ಕಲಸಿ, ಹಾಕಿ, ಎರಡು ನಿಮಿಷ ತಿರುಗಿಸಿ, ಪಿಎಚ್ ಕಾಗದ ಅದ್ದಿ. ಕಾಗದ ಕಿತ್ತಳೆಯಿಂದ ಹಳದಿಗೆ, ಹಳದಿಯಿಂದ ತಿಳಿ ಹಸಿರಿಗೆ ತಿರುಗುವ ತನಕ ಹೀಗೇ. 15 ಗ್ರಾಂಗೆ 6.5 ದಾಟಿತು ಎನ್ನಿ, ಹಾಗಿದ್ದರೆ ಹತ್ತು ಸಾವಿರ ಲೀಟರ್ ಟ್ಯಾಂಕಿಗೆ 15 ಕೆಜಿ. ಪುಡಿಯನ್ನು ಒಣದಾಗಿ ಮೇಲಿಂದ ಸುರಿದರೆ ಗಂಟುಕಟ್ಟಿ ತಳಕ್ಕೆ ಕೂರುತ್ತದೆ, ಮೇಲಿನ ನೀರು ಹುಳಿಯಾಗಿಯೇ ಉಳಿಯುತ್ತದೆ. ನಿನ್ನೆಯ ಅಳತೆ ಇವತ್ತಿಗೆ ನಡೆಯುವುದಿಲ್ಲ, ರೋಬಸ್ಟಾ ದಿನ ಒಂದು, ಅರೇಬಿಕಾ ದಿನ ಇನ್ನೊಂದು. ದಿನಾ ಐದು ನಿಮಿಷದ ಕೆಲಸ. ಬಿಎಸ್‌ಸಿ ಕೆಮಿಸ್ಟ್ರಿ ಓದಿ ಊರಲ್ಲಿರುವ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬೆಳಗ್ಗೆ ನಾಲ್ಕಾರು ತೋಟ ಸುತ್ತಿ ಬಂದರೆ ಅಷ್ಟೂ ಗುಂಡಿಗಳ ಆರೋಗ್ಯ ಅವಳ ಕೈಯಲ್ಲಿ.

ಪಂಪ್‌ಮನೆಗೆ ಬರೋಣ. ಇಲ್ಲಿ ಅಳತೆ ಇನ್ನೂ ಸುಲಭ, ಉಳಿತಾಯವೂ ಕಣ್ಣಿಗೆ ಕಾಣುವಂಥದ್ದು. ಬೇಕಾಗುವುದು 200 ಲೀಟರ್ ಡ್ರಮ್, ಫೋನಿನ ಸ್ಟಾಪ್‌ವಾಚ್, ಪವರ್ ತೋರಿಸುವ ಕ್ಲ್ಯಾಂಪ್ ಮೀಟರ್, ಒಂದು ಪ್ರೆಶರ್ ಗೇಜ್, ಉದ್ದನೆಯ ಟೇಪು. ಮೋಟಾರು ಹಾಕಿದ ಕೂಡಲೇ ಅಳೆಯಬೇಡಿ. ಕಾಲು ಗಂಟೆ ಓಡಲಿ, ಬಾವಿಯ ಮಟ್ಟ ಇಳಿದು ನಿಲ್ಲಲಿ. ಆಮೇಲೆ ನೀರಿನ ಮಟ್ಟದಿಂದ ನೀರು ಬೀಳುವ ಜಾಗದವರೆಗಿನ ಎತ್ತರ ತೆಗೆಯಿರಿ. ಪೈಪಿನಲ್ಲಿ ಒತ್ತಡ ಇದ್ದರೆ ಗೇಜಿನ ಪ್ರತಿ ಒಂದು ಕೆಜಿಗೆ ಹತ್ತು ಮೀಟರ್ ಸೇರಿಸಿ. ಡ್ರಮ್ಮನ್ನು ಮೂರು ಸಲ ತುಂಬಿಸಿ ಸರಾಸರಿ ಹಿಡಿಯಿರಿ.

ಮಾದರಿ ಲೆಕ್ಕ. ವೋಲ್ಟೇಜ್ 360, ಕರೆಂಟು 10 ಆಂಪಿಯರ್, ಪವರ್ ಫ್ಯಾಕ್ಟರ್ 0.8. ಇವನ್ನು ಗುಣಿಸಿ ಮತ್ತೆ 1.732ರಿಂದ ಗುಣಿಸಿದರೆ ಮೋಟಾರು ಎಳೆಯುತ್ತಿರುವುದು ಸುಮಾರು 5 ಕಿಲೋವ್ಯಾಟ್. ಡ್ರಮ್ 70 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ 2.86 ಲೀಟರ್. ಎತ್ತರ 45 ಮೀಟರ್. ಲೀಟರನ್ನು ಎತ್ತರದಿಂದಲೂ 9.81ರಿಂದಲೂ ಗುಣಿಸಿದರೆ ನೀರಿಗೆ ನಿಜವಾಗಿ ತಲುಪಿದ್ದು 1,260 ವ್ಯಾಟ್. ಕೊಟ್ಟಿದ್ದು ಐದು, ಸಿಕ್ಕಿದ್ದು ಒಂದೂಕಾಲು. ದಕ್ಷತೆ ಶೇ 25. ಸರಿಯಾದ ಪಂಪು, ಸರಿಯಾದ ಪೈಪು ಇದ್ದರೆ ಶೇ 44 ದೊಡ್ಡ ಮಾತಲ್ಲ. ಲಕ್ಷ ಲೀಟರ್ ನೀರೆತ್ತಲು ಮೊದಲಿನದಕ್ಕೆ 49 ಯೂನಿಟ್, ಎರಡನೆಯದಕ್ಕೆ 28.

ಮಿಕ್ಕಿದ್ದು ಎಲ್ಲಿ ಹೋಗುತ್ತದೆ? ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನ ಜಾಲರಿಗೆ ಸಿಲ್ವರ್ ಓಕ್ ಮರದ ಎಲೆ ಸುತ್ತಿಕೊಂಡಿರುತ್ತದೆ. ಸಕ್ಷನ್ ಪೈಪು ಆರೇಳು ಮೀಟರ್ ದಾಟಿ ಪಂಪು ಏದುಸಿರು ಬಿಡುತ್ತಿರುತ್ತದೆ. ಮರಳು ತಿಂದು ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರದ ಅಂಚು ಬ್ಲೇಡಿನ ಹಾಗೆ ತೆಳುವಾಗಿರುತ್ತದೆ. ಮೋಟಾರಿಗೆ ಮೂರ್ನಾಲ್ಕು ಸಲ ರಿವೈಂಡಿಂಗ್ ಆಗಿ, ತೆಳು ತಂತಿ ಸುತ್ತಿ ಬಿಸಿಯಾಗುತ್ತಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಪೈಪಿನ ಗಾತ್ರದ್ದು. ದುಡ್ಡು ಉಳಿಸಲು ಮೂರು ಇಂಚಿನ ಜಾಗದಲ್ಲಿ ಎರಡೂವರೆ ಇಂಚು ಎಳೆದಿರುತ್ತಾರೆ. ಅರ್ಧ ಇಂಚು ತಾನೇ ಎನಿಸುತ್ತದೆ. ಆದರೆ ಅಷ್ಟೇ ನೀರು ಹರಿಸಿದರೆ ಪೈಪು ಕಿರಿದಾದಂತೆ ಘರ್ಷಣೆಯ ನಷ್ಟ ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಎರಡೂವರೆ ಪಟ್ಟು. ಪಂಪು ಬದಲಿಸುವ ಮೊದಲು ಪೈಪು ನೋಡಿ. ಹೊಸ ಫೈವ್ ಸ್ಟಾರ್ ಪಂಪನ್ನು ಇಕ್ಕಟ್ಟು ಪೈಪಿಗೆ ಜೋಡಿಸಿದರೆ ಅದೂ ಹಳೆಯದರ ಹಾಗೆಯೇ ತಿನ್ನುತ್ತದೆ.

ಒಂದು ಎಚ್ಚರ ಇಲ್ಲೇ ಹೇಳಬೇಕು. ರಾಜ್ಯದಲ್ಲಿ 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಹಾಗಾಗಿ ಅರಸೀಕೆರೆ, ಕಡೂರಿನಂಥ ಕಡೆ ಪಂಪು ಚೆನ್ನಾದರೆ ಬಿಲ್ಲು ಉಳಿಯುವುದಿಲ್ಲ, ಬೋರ್‌ವೆಲ್ ಬೇಗ ಖಾಲಿಯಾಗುತ್ತದೆ. ಸೋಲಾರ್ ಪಂಪಿಗೂ ಇದೇ ಅಪಾಯ. ಅಂಥ ಕಡೆ ಪಂಪಿನ ಕೆಲಸವನ್ನು ಡ್ರಿಪ್ ಜೊತೆಗೇ ಮಾಡಬೇಕು, ಇಲ್ಲದಿದ್ದರೆ ಮಾಡದಿರುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ರೋಬಸ್ಟಾ ತೋಟದ ಮಾತು ಬೇರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವಾಗ ಡೀಸೆಲ್ ಎಂಜಿನ್ನೇ ಗತಿ ಎನ್ನುವ ತೋಟಗಳಿವೆ. ಎಕರೆಗೆ ಒಂದು ಇಂಚು ನೀರು ಅಂದರೆ 1.03 ಲಕ್ಷ ಲೀಟರ್. ಹಳ್ಳದಿಂದ ಎತ್ತುವುದು, ಜೆಟ್‌ನ ಒತ್ತಡ, ಘರ್ಷಣೆ ಎಲ್ಲ ಸೇರಿ 80 ಮೀಟರ್ ಎಂದರೆ ಎಂಜಿನ್ ಸಾಮಾನ್ಯ ಸ್ಥಿತಿಯಲ್ಲಿದ್ದರೆ ಹದಿನಾರು ಲೀಟರ್ ಡೀಸೆಲ್, 43 ಕೆಜಿ ಇಂಗಾಲದ ಡೈಆಕ್ಸೈಡ್. ಪೈಪ್ ಜೋಡಣೆಯ ರಬ್ಬರ್ ಗ್ಯಾಸ್ಕೆಟ್ ಬಿರಿದು ಸಾಲಿನುದ್ದಕ್ಕೂ ಚಿಲುಮೆ ಚಿಮ್ಮುತ್ತಿರುವುದು ಪ್ರತಿ ಬೇಸಿಗೆಯಲ್ಲೂ ಕಾಣುವ ನೋಟ. ಒಂದು ಚೀಲ ಹೊಸ ಗ್ಯಾಸ್ಕೆಟ್‌ಗಿಂತ ಅಗ್ಗದ ಹವಾಮಾನ ಪರಿಹಾರ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಈ ಪರೀಕ್ಷೆಗಳನ್ನು ಐಟಿಐ ಎಲೆಕ್ಟ್ರಿಷಿಯನ್ ಒಂದು ವಾರದಲ್ಲಿ ಕಲಿಯಬಹುದು. ದೊಡ್ಡ ಕಾರ್ಖಾನೆ, ಶೀತಲಗೃಹ, ಹಾಲಿನ ಘಟಕ, ಒಣಗಿದ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಮಟ್ಟಕ್ಕೆ ಹೋಗಬೇಕೆನ್ನುವವರಿಗೆ ಇಂಧನ ದಕ್ಷತಾ ಬ್ಯೂರೊ ನಡೆಸುವ ಪರೀಕ್ಷೆ ಇದೆ. ಎನರ್ಜಿ ಮ್ಯಾನೇಜರ್ ಆಗಲು ಮೂರು ಪತ್ರಿಕೆ, ಎನರ್ಜಿ ಆಡಿಟರ್ ಆಗಲು ನಾಲ್ಕು. ಸಾಮಾನ್ಯ ವಿಷಯ, ಉಷ್ಣ, ವಿದ್ಯುತ್, ನಾಲ್ಕನೆಯದು ಯಂತ್ರಗಳ ಕಾರ್ಯಕ್ಷಮತೆಯ ಲೆಕ್ಕ. ಓದಿನ ಜೊತೆಗೆ ಕೆಲವು ವರ್ಷದ ಅನುಭವವನ್ನೂ ಕೇಳುತ್ತಾರೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿದೆ, ಚಿಕ್ಕಮಗಳೂರಿನಲ್ಲೂ ಕಾಲೇಜಿದೆ. ನಾಲ್ಕನೇ ಪತ್ರಿಕೆಗೆ ಬೇಕಾದ ಅಭ್ಯಾಸವೆಲ್ಲ ಆ ಕಾಲೇಜುಗಳ ಹತ್ತು ಕಿಲೋಮೀಟರ್ ಸುತ್ತಮುತ್ತ ಪಂಪು, ಬಾಯ್ಲರ್, ಕಂಪ್ರೆಸರ್ ರೂಪದಲ್ಲಿ ಓಡುತ್ತಿದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಳ್ಳುವ ಬದಲು ಇಪ್ಪತ್ತು ಪಂಪು ಅಳೆದು ಬರೆದರೆ ಸಂದರ್ಶನದಲ್ಲಿ ಮಾತಾಡಲು ಏನಾದರೂ ಇರುತ್ತದೆ.

ಗೋಬರ್ ಗ್ಯಾಸ್ ಬಗ್ಗೆ ಒಂದು ಕಹಿ ಲೆಕ್ಕ. ಎರಡು ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕೆಜಿ ಹಸಿ ಸಗಣಿ, ಅಷ್ಟೇ ನೀರು, ಅಂದರೆ ನಾಲ್ಕೈದು ದನ ಬೇಕು. ಅದರ ಅನಿಲ ದಿನಕ್ಕೆ ಸುಮಾರು 0.86 ಕೆಜಿ ಅಡುಗೆ ಅನಿಲಕ್ಕೆ ಸಮ, ಹದಿನಾರು ಹದಿನೇಳು ದಿನಕ್ಕೊಂದು ಸಿಲಿಂಡರ್ ಉಳಿತಾಯ. ಸುಮಾರು 2.6 ಕೆಜಿ ಇಂಗಾಲದ ಡೈಆಕ್ಸೈಡ್ ದಿನಕ್ಕೆ ತಪ್ಪಿತು. ಈಗ ಅದೇ ಘಟಕದ ಅನಿಲದಲ್ಲಿ ಶೇ 10ರಷ್ಟು ಸೋರುತ್ತಿದೆ ಎನ್ನಿ. ಮೀಥೇನ್ ಲೆಕ್ಕದಲ್ಲಿ ಅದು ಸುಮಾರು 2 ಕೆಜಿಗೆ ಸಮ. ಹತ್ತನೇ ಒಂದು ಭಾಗದ ಸೋರಿಕೆ ಮುಕ್ಕಾಲು ಪಾಲು ಪುಣ್ಯವನ್ನು ನುಂಗಿತು! ಒಲೆ ಉರಿಯುತ್ತಲೇ ಇರುವುದರಿಂದ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ.

ಪತ್ತೆ ಮಾಡುವುದು ಬಟ್ಟೆ ಸೋಪಿನ ನೊರೆಯಿಂದ. ಗುಮ್ಮಟದ ಮೇಲಿನ ಪೈಪಿನ ಬುಡ, ಗೇಟ್ ವಾಲ್ವಿನ ಕತ್ತು, ಪ್ರತಿ ಎಲ್ಬೋ, ಒಲೆಯ ಹತ್ತಿರದ ರಬ್ಬರ್ ಕೊಳವೆ, ಎಲ್ಲದಕ್ಕೂ ಬ್ರಷ್‌ನಲ್ಲಿ ನೊರೆ ಹಚ್ಚಿ ಕಣ್ಣು ಹತ್ತಿರ ತಂದು ನೋಡಿ. ಸೋರುವ ಕಡೆ ಮೊದಲು ಸಾಸಿವೆಯಷ್ಟು ಗುಳ್ಳೆ, ನೋಡನೋಡುತ್ತಾ ಕಡಲೆಯಷ್ಟಾಗುತ್ತದೆ. ಹೆಚ್ಚಾಗಿ ಸಿಗುವುದು ವಾಲ್ವಿನ ಕತ್ತಿನಲ್ಲಿ. ಗುಮ್ಮಟದ ಬಿರುಕು ನೊರೆಗೆ ಸಿಗುವುದಿಲ್ಲ, ಅದು ಮಣ್ಣಿನಡಿ ಇರುತ್ತದೆ. ಅದಕ್ಕೆ ಯು ಆಕಾರದ ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು ತುಂಬಿ ಪೈಪಿಗೆ ಜೋಡಿಸಿ, ಒಲೆ ಬಂದ್ ಮಾಡಿ ಒಂದು ದಿನ ಬಿಡಿ. ಸಗಣಿ ಹಾಕಿದ ಘಟಕದಲ್ಲಿ ಒತ್ತಡ ಏರಬೇಕು. ಏರದೆ ನಿಂತರೆ, ಇಳಿದರೆ, ಗುಮ್ಮಟ ಸೋರುತ್ತಿದೆ. ಉರಿ ಪುಕುಪುಕು ಎಂದರೆ ಪೈಪಿನಲ್ಲಿ ನೀರು ಕಟ್ಟಿದೆ, ಇಳಿಜಾರಿನ ತಗ್ಗಿನಲ್ಲಿ ನೀರು ಬಸಿಯುವ ತಿರುಪು ಇಟ್ಟಿರಲೇಬೇಕು. ಅಡುಗೆ ಅನಿಲದ ಒಲೆಯನ್ನೇ ಜೋಡಿಸಿದರೆ ಉರಿ ಬರುವುದಿಲ್ಲ, ಜೆಟ್ಟಿನ ರಂಧ್ರ ದೊಡ್ಡದಿರಬೇಕು. ಒಂದು ಮಾತು ಜೀವದ ಪ್ರಶ್ನೆ: ಬಗ್ಗಡ, ಅಂದರೆ ಒಳಗಿನ ಸಗಣಿ ರಾಡಿ, ಖಾಲಿ ಮಾಡಿದ ಗುಮ್ಮಟದೊಳಗೆ ಯಾರನ್ನೂ ಹಾಗೇ ಇಳಿಸಬೇಡಿ. ಒಳಗಿನ ಗಾಳಿಯಲ್ಲಿ ಉಸಿರೇ ಇರುವುದಿಲ್ಲ, ಎತ್ತಲು ಹೋದವರೂ ಬೀಳುತ್ತಾರೆ.

ಊರೂರಿನಲ್ಲಿ ಕೆಟ್ಟು ನಿಂತ ಗೋಬರ್ ಗ್ಯಾಸ್ ಇದೆ. ವರ್ಷಕ್ಕಿಷ್ಟು ಎಂದು ಒಪ್ಪಂದ ಮಾಡಿಕೊಂಡು ಅರವತ್ತೆಪ್ಪತ್ತು ಘಟಕ ನೋಡಿಕೊಳ್ಳುವ ಒಬ್ಬ ಮೆಕ್ಯಾನಿಕ್ ಹೋಬಳಿಗೆ ಇದ್ದರೆ ಸಾಕು. ಹೊಸ ಘಟಕ ಕಟ್ಟುವುದಕ್ಕಿಂತ ಇದು ಮೊದಲು ಆಗಬೇಕಾದ್ದು.

ಯೂರಿಯಾ. ಮಣ್ಣಿಗೆ ಬಿದ್ದ ಒಂದು ಕೆಜಿ ಯೂರಿಯಾ ಕರಗುವಾಗ 0.73 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದರ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಹಿಡಿಯುವ ಅನಿಲ. ಎರಡೂ ಸೇರಿ ಕೆಜಿಗೆ 2.7 ಕೆಜಿ, 45 ಕೆಜಿ ಚೀಲಕ್ಕೆ 120 ಕೆಜಿ. ಕಾರ್ಖಾನೆಯಲ್ಲಿ ಅದನ್ನು ಮಾಡುವಾಗಿನ ಹೊಗೆ ಬೇರೆ. ಒಂದು ಚೀಲ ಯೂರಿಯಾ ಉಳಿಸುವುದು 45 ಲೀಟರ್ ಡೀಸೆಲ್ ಉಳಿಸಿದ್ದಕ್ಕೆ ಸಮ. ಹಾಗೆ ನೋಡಿದರೆ ಮಣ್ಣು ಪರೀಕ್ಷೆ ಮಾಡುವವರೂ ಹವಾಮಾನ ಕಾರ್ಯಕರ್ತರೇ.

ಮಲೆನಾಡಿನ ಮಣ್ಣು ಹುಳಿ. ಪಿಎಚ್ 5ರ ಹತ್ತಿರ ಇರುವ ತೋಟದಲ್ಲಿ ಹಾಕಿದ ಗೊಬ್ಬರ ಬೇರಿಗೆ ಸರಿಯಾಗಿ ದಕ್ಕುವುದಿಲ್ಲ, ಆದ್ದರಿಂದ ಮತ್ತೊಂದು ಚೀಲ ಹಾಕುತ್ತಾರೆ. ಮೊದಲು ಸುಣ್ಣ, ಆಮೇಲೆ ಗೊಬ್ಬರ, ನಡುವೆ ಕೆಲವು ವಾರ ಬಿಡಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇಲ್ಲೇ ಇದೆ, ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಬಹುದು. ಮಣ್ಣು ತೆಗೆಯುವಾಗಲೇ ತಪ್ಪಾಗುವುದು ಹೆಚ್ಚು. ದಾರಿ ಪಕ್ಕದ ಒಂದು ಗಿಡದ ಬುಡದಿಂದ ಒಂದು ಹಿಡಿ ತಂದರೆ ಅದು ಆ ಗಿಡದ ವರದಿ, ತೋಟದ್ದಲ್ಲ. ಬ್ಲಾಕಿನಲ್ಲಿ ಹತ್ತು ಹದಿನೈದು ಕಡೆ, ದರಗು ಎಂಬ ಉದುರಿದ ಒಣ ಎಲೆ ಸರಿಸಿ, ಮುಕ್ಕಾಲು ಅಡಿ ಆಳದ ತನಕ ತೆಗೆದು, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರು ಎರಡು ಪಾಲು ಎಸೆಯುತ್ತಾ ಅರ್ಧ ಕೆಜಿಗೆ ಇಳಿಸಬೇಕು. ಗೊಬ್ಬರ ಹಾಕಿ ಎರಡು ತಿಂಗಳಾದರೂ ಆಗಿರಬೇಕು. ಇನ್ನು ಯೂರಿಯಾವನ್ನು ದರಗಿನ ಮೇಲೆ ಎರಚಿದರೆ ಅಮೋನಿಯಾ ಆಗಿ ಹಾರುತ್ತದೆ, ಜುಲೈನ ಧಾರಾಕಾರ ಮಳೆಗೆ ಮುಂಚೆ ಹಾಕಿದರೆ ಹಳ್ಳಕ್ಕೆ ಹೋಗುತ್ತದೆ. ನೆಲ ಹದವಾಗಿ ತೇವ ಇದ್ದು ನೀರು ನಿಲ್ಲದ ಹೊತ್ತಿನಲ್ಲಿ, ದರಗು ಸರಿಸಿ, ಸಣ್ಣ ಕಂತುಗಳಲ್ಲಿ ಕೊಟ್ಟು ಮತ್ತೆ ಮುಚ್ಚುವುದು ಸರಿ.

ಗದ್ದೆಯ ಮೀಥೇನ್‌ಗೆ ನೀರು ಕಟ್ಟಿ, ಆರಿಸಿ, ಮತ್ತೆ ಕಟ್ಟುವ ಕ್ರಮ ಇದೆ. 30 ಸೆಂಟಿಮೀಟರ್ ಉದ್ದದ ತೂತುಕೊರೆದ ಪೈಪನ್ನು ಅರ್ಧಕ್ಕೂ ಹೆಚ್ಚು ಹೂತು, ಒಳಗಿನ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದಾಗ ನೀರು ಬಿಡುವುದು. ಹೂವಾಡುವ ಸಮಯದಲ್ಲಿ ಮಾತ್ರ ಆರಿಸಬಾರದು. ಮೀಥೇನ್ ಮೂರನೇ ಒಂದರಷ್ಟು, ಕೆಲವೆಡೆ ಅರ್ಧದಷ್ಟು ಇಳಿಯುತ್ತದೆ. ಆದರೆ ಇದು ಹೇಮಾವತಿ ಕಾಲುವೆಯ ಗದ್ದೆಗೆ ಒಗ್ಗುವ ಪಾಠ. ಸಕಲೇಶಪುರದ ಮುಂಗಾರಿನಲ್ಲಿ ಗದ್ದೆ ಆರಿಸುತ್ತೇನೆ ಎಂದರೆ ಮಳೆರಾಯ ಕೇಳುವುದಿಲ್ಲ.

ಛಾವಣಿ ಸೋಲಾರ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದ್ದರಿಂದ ಎರಡೇ ಮಾತು. ಮಲೆನಾಡಿನಲ್ಲಿ ಫಲಕದ ಕೆಳ ಅಂಚಿನಲ್ಲಿ ಪಾಚಿ ಕಟ್ಟುತ್ತದೆ, ಆ ಎರಡು ಬೆರಳು ಅಗಲದ ಪಾಚಿ ಒಂದು ಸಾಲು ಕೋಶಗಳನ್ನೇ ಮಲಗಿಸುತ್ತದೆ. ಮಳೆ ಮುಗಿದ ಕೂಡಲೇ ಮೆತ್ತನೆ ಬ್ರಷ್‌ನಿಂದ ಉಜ್ಜಬೇಕು. ಬೇರೆ ಬೇರೆ ಕಂಪನಿಯ ಕನೆಕ್ಟರ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಸಡಿಲವಾಗಿ ಕಿಡಿ ಹಾರಿ ಸುಡುತ್ತದೆ. ಐಟಿಐ ಮುಗಿಸಿದವರಿಗೆ ಸೂರ್ಯಮಿತ್ರ ತರಬೇತಿ ಇದೆ, ಕೇಂದ್ರದ 2024ರ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇರುವುದರಿಂದ ಕೂರಿಸುವ ಕೆಲಸಕ್ಕೆ ಬರವಿಲ್ಲ.

ಇನ್ನು ಮರ. ಕಾಫಿ ತೋಟದವರು ಇಂಗಾಲ ಎಂದ ಕೂಡಲೇ ಕಾರ್ಬನ್ ಕ್ರೆಡಿಟ್, ಅಂದರೆ ಉಳಿಸಿದ ಇಂಗಾಲವನ್ನು ಮಾರಿ ದುಡ್ಡು ಪಡೆಯುವ ಪತ್ರ, ಕೇಳುತ್ತಾರೆ. ಲೆಕ್ಕ ಹೀಗೆ. ಎದೆ ಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, 126 ಸೆಂಟಿಮೀಟರ್ ಸುತ್ತಳತೆಯ ಮರ, ಎತ್ತರ 18 ಮೀಟರ್, ಮರದ ಸಾಂದ್ರತೆ 0.6. ಉಷ್ಣವಲಯದ ಮರಗಳಿಗೆ ಎಲ್ಲೆಡೆ ಬಳಸುವ ಸೂತ್ರದಲ್ಲಿ ನೆಲದ ಮೇಲಿನ ಒಣ ತೂಕ 920 ಕೆಜಿ, ಇಂಗಾಲ 430 ಕೆಜಿ, ಇಂಗಾಲದ ಡೈಆಕ್ಸೈಡ್ ಆಗಿ 1.6 ಟನ್. ಈ ಸೀಮೆಯಲ್ಲಿ ಆಗುವ ತಪ್ಪು ಮೆಣಸಿನ ಬಳ್ಳಿಯದು. ಸಿಲ್ವರ್ ಮರದ ಸುತ್ತ ಬಳ್ಳಿ ದಟ್ಟವಾಗಿ ಹಬ್ಬಿರುತ್ತದೆ, ಅಳೆಯುವವನು ಬಳ್ಳಿಯ ಮೇಲೇ ಟೇಪು ಸುತ್ತುತ್ತಾನೆ. ಐದು ಸೆಂಟಿಮೀಟರ್ ಹೆಚ್ಚಾದರೆ ತೂಕದ ಲೆಕ್ಕ ಶೇ 8ರಷ್ಟು ಉಬ್ಬುತ್ತದೆ. ಬಳ್ಳಿಯ ಬೇರು ಕಿತ್ತುಬರದ ಹಾಗೆ ಟೇಪನ್ನು ಅದರಡಿ ನುಸುಳಿಸಬೇಕು, ಆಗದಿದ್ದರೆ ಮರದ ಕ್ಯಾಲಿಪರ್‌ನಲ್ಲಿ ಎರಡು ದಿಕ್ಕಿನಿಂದ ವ್ಯಾಸ ಹಿಡಿಯಬೇಕು. ಸಾವಿರ ಮರದ ತೋಟದಲ್ಲಿ ಆ ಶೇ 8 ಅಂದರೆ ಇಲ್ಲದ ನೂರು ಟನ್‌ಗೂ ಹೆಚ್ಚು.

ಅಜ್ಜ ನೆಟ್ಟ ಮರಕ್ಕೆ ಕ್ರೆಡಿಟ್ ಸಿಗುವುದಿಲ್ಲ. ದುಡ್ಡು ಬಾರದಿದ್ದರೆ ಆಗುತ್ತಲೇ ಇರಲಿಲ್ಲ ಎಂಬ ಹೊಸ ಕೆಲಸಕ್ಕೆ ಮಾತ್ರ ಸಿಗುತ್ತದೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ನೆಪದಲ್ಲಿ ನಂದಿ, ಮತ್ತಿ, ಅತ್ತಿ ಕಡಿದು ಸಿಲ್ವರ್ ನೆಟ್ಟು ಅದಕ್ಕೆ ಕ್ರೆಡಿಟ್ ಕೇಳುವುದಂತೂ ಮನಸ್ಸಿಗೆ ನೋವು ತರುವ ಸಂಗತಿ. ಮರದ ಲೆಕ್ಕ ಬಲ್ಲವರಿಗೆ ಇದಕ್ಕಿಂತ ಗಟ್ಟಿ ಕೆಲಸ ಯುರೋಪ್ ಒಕ್ಕೂಟದ ಅರಣ್ಯನಾಶ ತಡೆ ನಿಯಮದಿಂದ ಬಂದಿದೆ. ಅದರ ಜಾರಿ ಮುಂದಕ್ಕೆ ಹೋಗಿದ್ದರೂ ಕಾಫಿ ಬೆಳೆದ ಜಾಗದ ಗುರುತು ಕೊಡಲೇಬೇಕಾಗುತ್ತದೆ. ನಾಲ್ಕು ಹೆಕ್ಟೇರ್ ಮೀರಿದ ತೋಟಕ್ಕೆ ಗಡಿಯ ಸುತ್ತ ನಡೆದು ಪೂರ್ತಿ ರೇಖೆ, ಸಣ್ಣದಕ್ಕೆ ಒಂದು ಬಿಂದು ಸಾಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟವಲ್ಲ ಎಂದು ತೋರಿಸಬೇಕು. ದಟ್ಟ ನೆರಳಿನಡಿ ಫೋನಿನ ಜಿಪಿಎಸ್ ಹತ್ತಾರು ಮೀಟರ್ ಜಿಗಿಯುತ್ತದೆ, ಗಡಿ ಪಕ್ಕದ ಮೀಸಲು ಅರಣ್ಯದೊಳಗೆ ಬಿದ್ದರೆ ಆ ರೈತನ ಕಾಫಿಗೆ ಕಂಟಕ. ಪ್ರತಿ ಮೂಲೆಯಲ್ಲೂ ಒಂದೆರಡು ನಿಮಿಷ ನಿಂತು ಅಂಕಿ ಸ್ಥಿರವಾದ ಮೇಲೆ ಗುರುತು ಹಾಕುವ ತಾಳ್ಮೆಗೆ ಇಲ್ಲಿ ಬೆಲೆ ಇದೆ.

ಸಂಬಳ ಯಾರು ಕೊಡುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಇಂಗಾಲ ಉಳಿಸಿಕೊಡುತ್ತೇನೆ ಎಂದು ತೋಟದ ಗೇಟಿನಲ್ಲಿ ನಿಂತರೆ ತೋಟದ ಲೆಕ್ಕ ನೋಡುವ ರೈಟರ್ ಒಳಗೆ ಬಿಡುವುದಿಲ್ಲ. ಡೀಸೆಲ್ ಉಳಿಸುತ್ತೇನೆ, ಎರಡು ಚೀಲ ಯೂರಿಯಾ ಉಳಿಸುತ್ತೇನೆ, ಗುಂಡಿಯ ನಾತ ಹೋಗಿ ಪಕ್ಕದ ಊರಿನವರ ದೂರು ನಿಲ್ಲುವ ಹಾಗೆ ಮಾಡುತ್ತೇನೆ ಎಂದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಅಳತೆಯ ಪುಸ್ತಕ ಒಂದು ಇಡಿ. ತಾರೀಖು, ಡ್ರಮ್ಮಿನ ಸೆಕೆಂಡು, ಆಂಪಿಯರ್, ಪಿಎಚ್, ಸರಿಮಾಡುವ ಮೊದಲು, ಸರಿಮಾಡಿದ ಮೇಲೆ. ಎರಡು ಸೀಸನ್ನಿನ ಅಂಕಿ ಇರುವ ಆ ಪುಸ್ತಕ ಎನರ್ಜಿ ಆಡಿಟ್ ಸಂಸ್ಥೆಗೂ, ಕಾಫಿ ರಫ್ತು ಮಾಡುವವರಿಗೂ, ಕ್ರೆಡಿಟ್ ಪರಿಶೀಲನೆ ಮಾಡುವವರಿಗೂ ಪ್ರಮಾಣಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಈ ವರ್ಷವೇ ಶುರುಮಾಡುವುದಾದರೆ ಅಕ್ಟೋಬರ್ ಸರಿಯಾದ ತಿಂಗಳು. ಪಲ್ಪರ್ ತಿರುಗಲು ಮೂರ್ನಾಲ್ಕು ವಾರ ಇರುವಾಗ ಡೈಜೆಸ್ಟರ್‌ನ ಹತ್ತನೇ ಒಂದು ಭಾಗದಷ್ಟಾದರೂ ನಡೆಯುತ್ತಿರುವ ಗೋಬರ್ ಗ್ಯಾಸಿನ ಬಗ್ಗಡ ತಂದು ಸುರಿಯಬೇಕು, ಮೀಥೇನ್ ಮಾಡುವ ಜೀವಿಗಳು ಅದರಲ್ಲೇ ಬರುತ್ತವೆ. ಮೊದಲ ವಾರ ಪಲ್ಪಿಂಗ್ ನೀರಿನ ನಾಲ್ಕನೇ ಒಂದು ಪಾಲು ಮಾತ್ರ ಒಳಗೆ ಬಿಡಿ, ಎರಡನೇ ವಾರ ಅರ್ಧ. ಹೊರಬರುವ ನೀರಿನ ಪಿಎಚ್ 6.5ಕ್ಕಿಂತ ಇಳಿದ ದಿನ ನೀರು ನಿಲ್ಲಿಸಿ, ಬರೀ ಸಗಣಿ ನೀರು ಕೊಟ್ಟು ಕಾಯಿರಿ. ಸೀಸನ್ ಮುಗಿದ ಮೇಲೂ ದಿನಕ್ಕೆರಡು ಬಕೆಟ್ ಸಗಣಿ ಹಾಕುತ್ತಿದ್ದರೆ ಮುಂದಿನ ಡಿಸೆಂಬರ್‌ವರೆಗೆ ಅವು ಬದುಕಿರುತ್ತವೆ, ಆಳುಗಳು ಇರುವ ಲೈನ್‌ಮನೆಯ ಒಂದು ಒಲೆಯೂ ಉರಿಯುತ್ತದೆ.